ಬರೀ ಗಾಳಿ ತಾನೆ?

ಕಳೆದ ಬೇಸಿಗೆ ರಜೆಗೆ ಮಗಳ ಮಗ ಮಧುಗಿರಿಗೆ ಬಂದಾಗ ಅವನ ಬಟ್ಟೆಯ ಚೀಲದ ಜೊತೆಗೆ ಒಂದು ಉದ್ದನೆಯ ಕಪ್ಪು ಪೆಟ್ಟಿಗೆಯೂ ಬಸ್ಸಿನಿಂದ ಇಳಿಯಿತು. ಹುಡುಗ ಪಿಟೀಲು ಕಲಿಯುತ್ತಿದ್ದಾನೆಂದು ಭಾವಿಸಿ ನಾನು ಒಳಗೊಳಗೇ ಸಂತೋಷಪಟ್ಟೆ. ಮನೆಗೆ ಬಂದು ಕಾಫಿ ಕುಡಿದ ಮೇಲೆ ಅವನು ಪೆಟ್ಟಿಗೆ ತೆರೆದ. ಒಳಗಿದ್ದದ್ದು ಬಂದೂಕು. ನಾವು ಕಂಡ ಮರದ ಹಿಡಿಯ ಬಂದೂಕಲ್ಲ. ಲೋಹದ ಸಲಾಕೆಗಳನ್ನು ತಿರುಪುಗಳಿಂದ ಜೋಡಿಸಿದಂತಿತ್ತು. ನಳಿಕೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಒಂದು ಸಿಲಿಂಡರ್.

“ತಾತ, ನಡುಮನೆಯಿಂದ ಹಿತ್ತಿಲ ಗೋಡೆಗೆ ಎಷ್ಟು ದೂರ ಇದೆ?” ಎಂದು ಕೇಳಿದ.

“ಯಾಕಪ್ಪ?”

“ಹತ್ತು ಮೀಟರ್ ಬೇಕು. ರಜದಲ್ಲೂ ದಿನಾ ಪ್ರಾಕ್ಟೀಸ್ ಬಿಡಬಾರದು ಅಂತ ಕೋಚ್ ಹೇಳಿದಾರೆ.”

ಮನೆಯೊಳಗೆ ಬಂದೂಕು ಹಾರಿಸುವ ಮಾತೇ ಬೇಡ ಎಂದೆ. ಅವನು ನಕ್ಕು, “ಇದರಲ್ಲಿ ಮದ್ದಿಲ್ಲ ತಾತ. ಬರೀ ಗಾಳಿ ತಾನೆ?” ಎಂದ.

ನಾನು ಮಾತು ನಿಲ್ಲಿಸಿದೆ. ಆ ಮೂರು ಪದಗಳನ್ನು, ಅದೇ ಕ್ರಮದಲ್ಲಿ, ಐವತ್ತು ವರ್ಷಗಳ ಹಿಂದೆ ನಾನೇ ಆಡಿದ್ದೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳುವ ಮೊದಲು, ಮೇಷ್ಟ್ರ ಚಾಳಿಗೆ ಸರಿಯಾಗಿ, ಈ ಗಾಳಿ ಬಂದೂಕಿನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಓದುಗರು ತಾಳ್ಮೆ ತಂದುಕೊಳ್ಳಬೇಕು.

ತಿದಿಯಿಂದ ಬಂದೂಕಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಮ್ಮಾರಸಾಲೆಯ ತಿದಿ ಗೊತ್ತೇ ಇರುತ್ತದೆ. ಚರ್ಮದ ಚೀಲವನ್ನು ಎಳೆದರೆ ಗಾಳಿ ಒಳಗೆ ಬರುತ್ತದೆ, ಒತ್ತಿದರೆ ಸಣ್ಣ ಬಾಯಿಂದ ರಭಸವಾಗಿ ನುಗ್ಗುತ್ತದೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಆಸುಪಾಸಿನಲ್ಲಿ ಜನರು ಕಬ್ಬಿಣವನ್ನು ಕರಗಿಸಿ ತೆಗೆಯುವ ಬಗೆಯನ್ನು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಆ ಕುಲುಮೆಗಳನ್ನು ಉರಿಸಿದ್ದೂ ತಿದಿಯ ಗಾಳಿಯೇ. ಗಾಳಿಯನ್ನು ಹಿಡಿದು, ಒತ್ತಿ, ಒಂದೇ ದಿಕ್ಕಿಗೆ ಬಿಟ್ಟರೆ ಕೆಲಸ ಮಾಡಿಸಬಹುದು ಎಂಬ ತಿಳಿವಳಿಕೆ ಹೀಗೆ ಬಹಳ ಹಳೆಯದು.

ಮಕ್ಕಳಿಗೂ ಅದು ಗೊತ್ತಿತ್ತು. ಮಲೆನಾಡಿನ ಕಡೆಯವರು ಪೆಟ್ಲು ಎನ್ನುವ ಬಿದಿರಿನ ಕೊಳವೆಯನ್ನು ನೆನೆಯಿರಿ. ಕೊಳವೆಯ ತುದಿಗೆ ಒಂದು ಹಸಿ ಕಾಯನ್ನು ಬಿಗಿಯಾಗಿ ತುರುಕಬೇಕು. ಹಿಂದಿನಿಂದ ಇನ್ನೊಂದು ಕಾಯನ್ನು ಇಟ್ಟು ಕಡ್ಡಿಯಿಂದ ನೂಕಬೇಕು. ಎರಡು ಕಾಯಿಗಳ ನಡುವೆ ಸಿಕ್ಕ ಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಕುಗ್ಗುತ್ತದೆ, ಕುಗ್ಗಿ ಕುಗ್ಗಿ ಕೊನೆಗೆ ಮುಂದಿನ ಕಾಯನ್ನು ಠಪ್ಪೆಂದು ಹಾರಿಸುತ್ತದೆ. ಗಾಳಿ ಬಂದೂಕಿನ ತತ್ತ್ವ ಪೂರ್ತಿಯಾಗಿ ಇಷ್ಟೇ.

೧೬೬೦ರಲ್ಲಿ ರಾಬರ್ಟ್ ಬಾಯ್ಲ್ ಗಾಳಿಗೂ ಸ್ಪ್ರಿಂಗಿನಂಥ ಗುಣವಿದೆಯೆಂದು ಪ್ರಯೋಗಗಳಿಂದ ತೋರಿಸಿ ಪುಸ್ತಕ ಬರೆದ. ಎರಡು ವರ್ಷಗಳ ನಂತರ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ಹೇಳಿದ. ನಾನು ತರಗತಿಯಲ್ಲಿ ಈ ಪಾಠ ಮಾಡುವಾಗ ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿಸಿ ಹಿಡಿಯನ್ನು ಒತ್ತಿಸುತ್ತಿದ್ದೆ. ಅರ್ಧದವರೆಗೆ ಸಲೀಸಾಗಿ ಹೋಗುತ್ತದೆ, ಆಮೇಲೆ ಎಂಥ ಪೈಲ್ವಾನನಿಗೂ ಬಗ್ಗುವುದಿಲ್ಲ, ಕೈಬಿಟ್ಟರೆ ಹಿಡಿ ಹಿಂದಕ್ಕೆ ಪುಟಿಯುತ್ತದೆ. ಮಕ್ಕಳು ಸೂತ್ರವನ್ನು ಮರೆತರೂ ಆ ಪುಟಿತವನ್ನು ಮರೆತಿಲ್ಲವೆಂದು ಎಷ್ಟೋ ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ.

ಯುರೋಪಿನ ಕುಶಲಕರ್ಮಿಗಳು ಬಾಯ್ಲನಿಗಾಗಿ ಕಾದಿರಲಿಲ್ಲ. ಸುಮಾರು ೧೫೮೦ರದೆಂದು ಹೇಳಲಾಗುವ ಒಂದು ಗಾಳಿ ಬಂದೂಕು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹಿಡಿಯೊಳಗಿರುವುದು ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಪುಟ್ಟ ತಿದಿ.

ಜಿರಾಂಡೋನಿಯ ಬಂದೂಕು

ಮೊಮ್ಮಗ ತಂದದ್ದು ಸ್ಪ್ರಿಂಗಿನ ಬಂದೂಕಲ್ಲ. ಮೊದಲೇ ಗಾಳಿಯನ್ನು ಅದುಮಿ ತುಂಬಿಟ್ಟುಕೊಂಡು, ಕುದುರೆ ಎಳೆದಾಗಲೆಲ್ಲ ಅಳತೆಯಿಂದ ಸ್ವಲ್ಪ ಸ್ವಲ್ಪ ಬಿಡುವ ಬಗೆಯದು. ಶೂಟಿಂಗಿನವರು ಇದನ್ನು ಪಿ.ಸಿ.ಪಿ. ಎನ್ನುತ್ತಾರೆ. ಇದು ಈ ಕಾಲದ ಹೊಸ ಯಂತ್ರವೆಂದು ಅವನು ತಿಳಿದಿದ್ದ. ಇದರ ಮುತ್ತಜ್ಜನಿಗೆ ಇನ್ನೂರ ನಲವತ್ತು ವರ್ಷ ದಾಟಿದೆ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ.

ತಿರೋಲ್ ಪ್ರಾಂತ್ಯದ ಬಾರ್ಥೊಲೊಮೇಯಸ್ ಜಿರಾಂಡೋನಿ ಎಂಬಾತ ಮಾಡಿದ ಗಾಳಿ ರೈಫಲನ್ನು ೧೭೮೦ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಸೇರಿಸಿಕೊಂಡಿತು. ಅದರ ಹಿಡಿಯೇ ಗಾಳಿಯ ಬುರುಡೆ. ಕಬ್ಬಿಣದ ತಗಡಿನಿಂದ ಮಾಡಿ, ಮೇಲೆ ಚರ್ಮ ಹೊದಿಸಿ, ತಿರುಗಿಸಿ ಬಿಚ್ಚುವಂತೆ ಇಟ್ಟಿದ್ದರು. ನಳಿಕೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಗುಂಡುಗಳು. ಬಂದೂಕನ್ನು ಮೇಲಕ್ಕೆತ್ತಿ ಒಂದು ಅಡ್ಡ ತುಂಡನ್ನು ಒತ್ತಿದರೆ ಮುಂದಿನ ಗುಂಡು ಸ್ಥಾನಕ್ಕೆ ಬರುತ್ತಿತ್ತು. ಮದ್ದಿನ ಬಂದೂಕಿನವನು ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿಯುವಷ್ಟರಲ್ಲಿ ಈತ ಹಲವು ಸಲ ಹೊಡೆದಿರುತ್ತಿದ್ದ. ಹೊಗೆಯಿಲ್ಲ, ಬೆಂಕಿಯ ಕಿಡಿಯಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಭಯವಿಲ್ಲ.

ಇಷ್ಟೆಲ್ಲ ಗುಣವಿದ್ದೂ ಅದು ಏಕೆ ಉಳಿಯಲಿಲ್ಲ? ಒಂದು ಬುರುಡೆ ತುಂಬಲು ಸುಮಾರು ೧೫೦೦ ಬಾರಿ ಪಂಪು ಒತ್ತಬೇಕಾಗಿತ್ತು! ತುಂಬಿದರೆ ಸುಮಾರು ೩೦ ಹೊಡೆತ. ಹೊಡೆದಂತೆಲ್ಲ ಒತ್ತಡ ಇಳಿದು ಗುಂಡಿನ ವೇಗ ಕುಗ್ಗುತ್ತಿತ್ತು. ತಗಡಿನ ಬೆಸುಗೆ ಸೋರುತ್ತಿತ್ತು, ಚರ್ಮದ ವಾಷರು ಒಣಗುತ್ತಿತ್ತು, ರಿಪೇರಿಗೆ ನುರಿತ ಕೈಗಳೇ ಬೇಕಾಗಿದ್ದವು. ೧೮೧೫ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತ್ತು.

ಅದೇ ೧೭೮೦ರ ಸೆಪ್ಟೆಂಬರ್ ೧೦ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿತು. ಮೈಸೂರಿನ ರಾಕೆಟ್ಟುಗಳ ಹೆಸರು ಆ ಯುದ್ಧದೊಡನೆ ಸೇರಿಕೊಂಡಿದೆ. ಆ ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಬೇರೆ ದೇಶಗಳವರು ಕಾಗದ, ರಟ್ಟು ಬಳಸುತ್ತಿದ್ದಾಗ ನಮ್ಮವರು ಕಬ್ಬಿಣದಲ್ಲಿ ಅನಿಲವನ್ನು ಹೆಚ್ಚು ಒತ್ತಡದಲ್ಲಿ ಹಿಡಿದಿಟ್ಟರು. ಆಸ್ಟ್ರಿಯಾದಲ್ಲೊಬ್ಬ ಗಾಳಿಯನ್ನು, ಇಲ್ಲಿಯವರು ಮದ್ದಿನ ಹೊಗೆಯನ್ನು, ಇಬ್ಬರೂ ಕಬ್ಬಿಣದ ಪಾತ್ರೆಯಲ್ಲಿ ಬಂಧಿಸಲು ಹೆಣಗುತ್ತಿದ್ದ ಕಾಲ ಅದು. ಪಾತ್ರೆ ಎಷ್ಟು ಗಟ್ಟಿಯೋ ಬಲ ಅಷ್ಟು ಎಂಬುದು ಇಬ್ಬರಿಗೂ ಗೊತ್ತಿತ್ತು.

ಓಹಾಯೋ ನದಿಯ ನಡುಗಡ್ಡೆಯಲ್ಲಿ

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಘಟನೆ ನಡೆದದ್ದು ಅಮೆರಿಕದಲ್ಲಿ, ೧೮೦೩ರ ಆಗಸ್ಟ್ ತಿಂಗಳ ಕೊನೆಯಲ್ಲಿ. ಅಧ್ಯಕ್ಷ ಜೆಫರ್ಸನ್ನರ ಆದೇಶದಂತೆ ಪಶ್ಚಿಮ ಸಾಗರದವರೆಗೆ ದಾರಿ ಹುಡುಕಲು ಹೊರಟ ಕ್ಯಾಪ್ಟನ್ ಮೆರಿವೆದರ್ ಲೂಯಿಸ್ ತನ್ನೊಡನೆ ಒಂದು ಗಾಳಿ ರೈಫಲ್ ಒಯ್ದಿದ್ದ. ಅದು ಜಿರಾಂಡೋನಿ ಮಾದರಿಯದೇ ಎಂಬುದು ಈಗ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮುಂದೆ ೧೮೦೬ರವರೆಗೆ ನಡೆದ ಆ ಯಾತ್ರೆಯಲ್ಲಿ ಅಲ್ಲಿನ ಮೂಲನಿವಾಸಿಗಳ ಎದುರಿಗೆ ಅದನ್ನು ಹಾರಿಸಿ ತೋರಿಸಿ ಬೆರಗು ಹುಟ್ಟಿಸುವುದು ಅವನ ಪದ್ಧತಿಯಾಯಿತು. ನನಗೆ ಮುಖ್ಯವೆನಿಸಿದ್ದು ಯಾತ್ರೆ ಶುರುವಾದಾಗಲೇ ನಡೆದ ಸಂಗತಿ.

ಪಿಟ್ಸ್‌ಬರ್ಗ್ ಬಿಟ್ಟು ಮೂರು ಮೈಲಿ ಹೋಗಿ ಲೂಯಿಸ್ ಒಂದು ನಡುಗಡ್ಡೆಯಲ್ಲಿ ದೋಣಿ ನಿಲ್ಲಿಸಿದ. ಅಲ್ಲಿದ್ದವರು ಬಂದೂಕು ತೋರಿಸಲು ಕೇಳಿದರು. ೫೫ ಗಜ ದೂರಕ್ಕೆ ಏಳು ಬಾರಿ ಹೊಡೆದು ತೋರಿಸಿದ, ಗುರಿ ಚೆನ್ನಾಗಿಯೇ ಕೂತಿತು. ಆಮೇಲೆ ಬಂದೂಕು ಅದರ ರೀತಿ ತಿಳಿಯದ ಒಬ್ಬ ಸದ್ಗೃಹಸ್ಥನ ಕೈಗೆ ಹೋಯಿತು. ಅವನ ಕೈಯಲ್ಲಿ ಅದು ತಾನಾಗಿ ಹಾರಿತು. ನಲವತ್ತು ಗಜ ಆಚೆ ನಿಂತಿದ್ದ ಹೆಂಗಸಿನ ಟೋಪಿಯನ್ನು ತೂರಿ, ಅವಳ ಕಣತಲೆಯನ್ನು ಸೀಳಿಕೊಂಡು ಗುಂಡು ಹೋಯಿತು. ಅವಳು ಬಿದ್ದಳು, ರಕ್ತ ಹರಿಯಿತು, ಸತ್ತಳೆಂದೇ ಎಲ್ಲರೂ ಗಾಬರಿಯಾದರು. ಸ್ವಲ್ಪ ಹೊತ್ತಿಗೆ ಅವಳಿಗೆ ಎಚ್ಚರ ಬಂದಿತು, ಗಾಯ ಪ್ರಾಣಕ್ಕೆ ಅಪಾಯ ತರುವಂಥದ್ದಲ್ಲವೆಂದು ತಿಳಿಯಿತು. ಅವನ ದಿನಚರಿ ಪುಸ್ತಕ ಆರಂಭವಾಗುವುದೇ ಈ ಅವಘಡದ ವರದಿಯಿಂದ. ಸಾವಿರಾರು ಮೈಲಿಯ ಯಾತ್ರೆಯ ಮೊದಲ ರಕ್ತವನ್ನು ಹರಿಸಿದ್ದು ಒಂದು ಪ್ರದರ್ಶನದಲ್ಲಿ ಕೈಯಿಂದ ಕೈಗೆ ಹೋದ ಗಾಳಿ ಬಂದೂಕು.

ಈ ಪುಟವನ್ನು ಓದಿದಾಗ ನನ್ನ ಕೈ ಸುಮ್ಮನೆ ನಡುಗಿತು. ಕಾರಣವನ್ನು ಈಗ ಹೇಳಬೇಕು.

ಸೋದರಮಾವನ ಏರ್ ಗನ್ನು

೧೯೭೨ರ ಬೇಸಿಗೆ. ನನಗೆ ಹನ್ನೆರಡು ವರ್ಷ. ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸೋದರಮಾವನ ಮನೆ. ಕಡಲೆಕಾಯಿ ಹೊಲಕ್ಕೂ ಹುಣಸೆ ಮರಕ್ಕೂ ಕೋತಿಗಳ ಕಾಟವೆಂದು ಮಾವ ಎಲ್ಲಿಂದಲೋ ಒಂದು ಏರ್ ಗನ್ನು ತಂದಿದ್ದರು. ನಳಿಕೆಯನ್ನು ನಡುವಿನಲ್ಲಿ ಬಗ್ಗಿಸಿ ಸ್ಪ್ರಿಂಗು ಏರಿಸುವಂಥದ್ದು. ಆ ಹೊತ್ತಿಗೆ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆದು ನನಗೆ ನಾನೇ ದೊಡ್ಡ ಬೇಟೆಗಾರನಾಗಿದ್ದೆ.

ಒಂದು ಮಧ್ಯಾಹ್ನ ಮಾವ ಸಂತೆಗೆ ಹೋಗಿದ್ದಾಗ ಬಂದೂಕನ್ನು ಹಿತ್ತಿಲಿಗೆ ತಂದೆವು, ನಾನು ಮತ್ತು ಮಾವನ ಮಗ. ಅವನಿಗೆ ಒಂಬತ್ತು. ಕಲ್ಲುಚಪ್ಪಡಿಯ ಗೋಡೆಗೆ ಇದ್ದಿಲಿನಿಂದ ಒಂದು ಸೊನ್ನೆ ಬರೆದೆ. ಅವನು ಗೋಡೆಗೆ ಹತ್ತಿರವಾಗಿ, ಒಂದು ಬದಿಗೆ ನಿಂತು, ಗುರಿ ಬಿತ್ತೋ ಇಲ್ಲವೋ ನೋಡಿ ಹೇಳಬೇಕು. “ಭಾವ, ನನಗೆ ತಾಗಲ್ವಾ?” ಎಂದು ಕೇಳಿದ. ನಾನು ನಕ್ಕು, “ಬರೀ ಗಾಳಿ ತಾನೆ?” ಎಂದೆ. ಹೊಡೆದೆ.

ಸೀಸದ ಗುಂಡು ಕಲ್ಲಿಗೆ ತಾಗಿ ಓರೆಯಾಗಿ ಚಿಮ್ಮಿತು. ಹುಡುಗ ಎಡಗಣ್ಣನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಕುಳಿತುಬಿಟ್ಟ. ಬೆರಳುಗಳ ಸಂದಿನಿಂದ ರಕ್ತ. ಅವನ ಕೈ ತೆಗೆಸಿ ನೋಡುವ ಧೈರ್ಯ ನನಗೆ ಬರಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ತೆಗೆಸಿ ನೋಡಿದರೆ ಹುಬ್ಬು ಸೀಳಿತ್ತು, ಕಣ್ಣು ಉಳಿದಿತ್ತು. ಒಂದು ಬೆರಳಿನ ಅಗಲ ಕೆಳಗೆ ಬಂದಿದ್ದರೆ ಇಂದು ನಾನು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಅತ್ತೆ ಅರಿಸಿನ ಒತ್ತಿ ಬಟ್ಟೆ ಕಟ್ಟಿದರು. ಓಡುವಾಗ ಕಲ್ಲಿನ ಮೇಲೆ ಬಿದ್ದನೆಂದು ನಾನು ಹೇಳಿದೆ. ಹುಡುಗ ನನ್ನ ಮುಖ ನೋಡಿ ಹೌದೆಂದು ತಲೆಯಾಡಿಸಿದ. ಬಂದೂಕನ್ನು ಒರೆಸಿ ಮೂಲೆಯಲ್ಲಿಟ್ಟೆ. ಸುಳ್ಳು ಹಾಗೆಯೇ ಉಳಿಯಿತು. ಮುಂದೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಬಾಯ್ಲನ ನಿಯಮ ಹೇಳಿಕೊಡುವಾಗ ಪ್ರತಿ ವರ್ಷವೂ ಆ ಹಿತ್ತಿಲು ನೆನಪಿಗೆ ಬರುತ್ತಿತ್ತು. ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಬಲ ಇಳಿಯಿತು, ಗುರಿ ಏರಿತು

ಮತ್ತೆ ಚರಿತ್ರೆಗೆ ಬರೋಣ. ಸದ್ದಿಲ್ಲದ, ಹೊಗೆಯಿಲ್ಲದ ಆಯುಧವೆಂದರೆ ಯುರೋಪಿನ ಜನಕ್ಕೆ ಒಳಸಂಚಿನ ಭಯವಿತ್ತು. ಆ ಭಯ ಕತೆಗಳಿಗೂ ಇಳಿಯಿತು. ಕಾನನ್ ಡಾಯ್ಲ್ ೧೯೦೩ರಲ್ಲಿ ಬರೆದ ‘ದಿ ಎಂಪ್ಟಿ ಹೌಸ್’ ಕತೆಯಲ್ಲಿ ಷರ್ಲಾಕ್ ಹೋಮ್ಸನನ್ನು ಕೊಲ್ಲಲು ಬರುವವನ ಕೈಯಲ್ಲಿರುವುದು ಗಾಳಿ ಬಂದೂಕು. ಆ ಕರ್ನಲ್ ಮೊರಾನ್ ಹಿಂದೆ ಕೆಲಸ ಮಾಡಿದ್ದ ರೆಜಿಮೆಂಟಿಗೆ ಲೇಖಕರು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ.

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಗಾಳಿ ಬಂದೂಕು ಇನ್ನೊಂದು ದಾರಿ ಹಿಡಿಯಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆ ೧೯೦೫ರಿಂದ ಸ್ಪ್ರಿಂಗಿನ ಏರ್ ರೈಫಲುಗಳನ್ನು ಮಾಡಿತು. ಕೆಲಸ ಮುಗಿಸಿದ ಕಾರ್ಮಿಕರು ಸಂಜೆ ಪಬ್ಬುಗಳಲ್ಲಿ ಸೇರಿ, ಕಬ್ಬಿಣದ ಫಲಕದ ಸಣ್ಣ ತೂತಿಗೆ ಗುರಿಯಿಡುತ್ತಿದ್ದರು. ಗುಂಡು ತೂತಿನೊಳಗೆ ಹೋದರೆ ಹಿಂದಿನ ಗಂಟೆ ಬಾರಿಸುತ್ತಿತ್ತು. ಹೀಗೆ ಆಯುಧ ಛಾವಣಿಯ ಕೆಳಗಿನ ಆಟವಾಯಿತು.

ಅದನ್ನು ಕ್ರೀಡೆಯಾಗಿ ಬೆಳೆಸಿದವರು ಮುಖ್ಯವಾಗಿ ಜರ್ಮನ್ನರು. ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಬಂದೂಕು ತಯಾರಿಕೆ ನಿಷೇಧವಾಯಿತು. ನಿರ್ಬಂಧ ಸಡಿಲವಾದಾಗ ಅನುಮತಿ ಮೊದಲು ಸಿಕ್ಕಿದವುಗಳಲ್ಲಿ ಗಾಳಿ ಬಂದೂಕೂ ಒಂದು. ಮೌಸರ್ ಕಾರ್ಖಾನೆಯಲ್ಲಿದ್ದ ಇಂಜಿನಿಯರುಗಳು ಒಬರ್ನ್‌ಡಾರ್ಫ್ ಊರಿನಲ್ಲಿ ಫೈನ್‌ವೆರ್ಕ್‌ಬೌ ಸಂಸ್ಥೆ ಕಟ್ಟಿದರು. ಸ್ಪ್ರಿಂಗು ಬಿಟ್ಟಾಗ ಬಂದೂಕು ಒದೆಯುತ್ತದಷ್ಟೆ. ೧೯೬೦ರ ದಶಕದ ಆರಂಭದಲ್ಲಿ ಅವರು ಆ ಒದೆತ ಭುಜಕ್ಕೆ ತಿಳಿಯದಂತೆ, ಬಂದೂಕಿನ ಮೈ ಹಳಿಯ ಮೇಲೆ ಹಿಂದೆ ಸರಿಯುವ ಉಪಾಯ ಮಾಡಿದರು. ೧೯೬೬ರಲ್ಲಿ ವೀಸ್‌ಬಾಡೆನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಏರ್ ರೈಫಲಿಗೆ ಜಾಗ ಸಿಕ್ಕಿತು, ೧೯೮೪ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ. ಆಮೇಲೆ ಸ್ಪ್ರಿಂಗು ಹೋಗಿ ಇಂಗಾಲದ ಡೈಆಕ್ಸೈಡ್ ಸಿಲಿಂಡರು ಬಂದಿತು. ಆದರೆ ಬಿಸಿಲು ಏರಿದರೆ ಅದರ ಒತ್ತಡವೂ ಏರುತ್ತದೆ, ಗುಂಡಿನ ದಾರಿ ಬದಲಾಗುತ್ತದೆ. ೧೯೯೦ರ ದಶಕದಲ್ಲಿ ಅದನ್ನೂ ಬಿಟ್ಟು ಸಾದಾ ಗಾಳಿಗೇ ಮರಳಿದರು. ಜಿರಾಂಡೋನಿಯ ಯೋಚನೆ ಇನ್ನೂರು ವರ್ಷ ಕಾದು ಹಿಂದಿರುಗಿತು. ಈ ನಡುವೆ ಗಟ್ಟಿ ಸಿಲಿಂಡರು, ಸೋರದ ರಬ್ಬರು ಉಂಗುರ, ಪ್ರತಿ ಹೊಡೆತಕ್ಕೂ ಒಂದೇ ಅಳತೆಯ ಗಾಳಿ ಬಿಡುವ ರೆಗ್ಯುಲೇಟರು, ಇವೆಲ್ಲ ಬಂದಿದ್ದವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಂದೂಕಿನ ಚರಿತ್ರೆಯೆಂದರೆ ಸಾಮಾನ್ಯವಾಗಿ ಬಲ ಹೆಚ್ಚಿದ ಚರಿತ್ರೆ. ಇಲ್ಲಿ ಹಾಗಲ್ಲ. ಜಿರಾಂಡೋನಿಯ ಗುಂಡು ಸುಮಾರು ೧೧ ಮಿ.ಮೀ.ಗೂ ದಪ್ಪ, ಮನುಷ್ಯನನ್ನು ಕೊಲ್ಲಲೆಂದೇ ಮಾಡಿದ್ದು. ಇಂದಿನ ಸ್ಪರ್ಧೆಯ ಪೆಲೆಟ್ ೪.೫ ಮಿ.ಮೀ., ತೂಕ ಸುಮಾರು ಅರ್ಧ ಗ್ರಾಂ, ವೇಗ ಸೆಕೆಂಡಿಗೆ ಸುಮಾರು ೧೭೫ ಮೀಟರ್. ಬಲ ಇಷ್ಟು ಇಳಿದರೆ ಗುರಿ ಎಷ್ಟು ಏರಿತು ನೋಡಿ. ಹತ್ತು ಮೀಟರ್ ದೂರದ ಫಲಕದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್! ರಾಗಿ ಕಾಳಿಗಿಂತಲೂ ಸಣ್ಣದು. ಗುಂಡೇ ಚುಕ್ಕೆಗಿಂತ ಒಂಬತ್ತು ಪಟ್ಟು ಅಗಲ. ಒಂದು ಅರ್ಹತಾ ಸುತ್ತಿನಲ್ಲಿ ಇಂಥ ಅರವತ್ತು ಹೊಡೆತ. ಎದುರಿಗಿರುವವನು ಶತ್ರುವಲ್ಲ. ಗೆಲ್ಲಬೇಕಾದದ್ದು ತನ್ನದೇ ಉಸಿರು, ನಾಡಿ, ಅವಸರ.

ನಮ್ಮ ನೆಲದಲ್ಲಿ

ನಮ್ಮ ನಾಡಿನಲ್ಲಿ ಬಂದೂಕು ಮನೆಯ ವಸ್ತುವಾಗಿರುವುದು ಕೊಡಗಿನಲ್ಲಿ. ೧೮೬೧ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೊಟ್ಟ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಕ್ಕೆ ಪೂಜೆ, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ನಮ್ಮ ಬಯಲುಸೀಮೆಯಲ್ಲಿ ಹಾಗಿಲ್ಲ. ಪಾಳೆಯಗಾರರ ಕಾಲ ಮುಗಿದ ಮೇಲೆ ಬಂದೂಕೆಂದರೆ ಪೊಲೀಸರದ್ದು, ಇಲ್ಲವೆ ಜಾತ್ರೆಯ ಬಲೂನಿನ ಅಂಗಡಿಯದ್ದು.

ದೇಶದ ಮಟ್ಟದಲ್ಲಿ ೧೯೫೧ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿತು. ಲೋಕಸಭೆಯ ಮೊದಲ ಸಭಾಧ್ಯಕ್ಷ ಮಾವಲಂಕರರು ಅದರ ಮೊದಲ ಅಧ್ಯಕ್ಷರು. ಬಹಳ ಕಾಲ ಅದು ಸೇನೆಯವರ, ಅರಸು ಮನೆತನದವರ ಆಟವಾಗಿಯೇ ಇತ್ತು. ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅಂಜಲಿ ಭಾಗವತ್ ಏರ್ ರೈಫಲಿನ ಫೈನಲ್ ತಲುಪಿದರು. ೨೦೦೮ರ ಆಗಸ್ಟ್ ೧೧ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. ಭಾರತೀಯನೊಬ್ಬನಿಗೆ ವೈಯಕ್ತಿಕ ಸ್ಪರ್ಧೆಯಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹತ್ತು ಮೀಟರ್ ಏರ್ ರೈಫಲಿನಿಂದ. ಅವರ ಕೊನೆಯ ಹೊಡೆತ ೧೦.೮. ಬಿಂದ್ರಾ ಪಳಗಿದ್ದು ಬಹುಮಟ್ಟಿಗೆ ಮನೆಯಲ್ಲೇ ಕಟ್ಟಿಸಿದ ಒಳಾಂಗಣ ರೇಂಜಿನಲ್ಲಿ.

ಕರ್ನಾಟಕದವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನವಳೇ ಆದ ತಿಲೋತ್ತಮಾ ಸೇನ್ ಕೊರೊನಾ ಲಾಕ್‌ಡೌನ್ ಕಾಲದ ಹೊತ್ತಿಗೆ ರೈಫಲ್ ಹಿಡಿದ ಹುಡುಗಿ. ೨೦೨೩ರ ಫೆಬ್ರುವರಿಯಲ್ಲಿ ಕೈರೋ ವಿಶ್ವಕಪ್ಪಿನಲ್ಲಿ ಕಂಚು ಗೆದ್ದಾಗ ಅವಳಿಗೆ ಹದಿನಾಲ್ಕು ವರ್ಷ. ಅದೇ ವರ್ಷ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ಸಿನ ಒಂದು ಸ್ಥಾನ ಗಳಿಸಿಕೊಟ್ಟಳು. ಮೊಮ್ಮಗನ ಮೊಬೈಲಿನಲ್ಲಿ ಇರುವುದು ಅವಳ ಚಿತ್ರವೇ.

ರೇಂಜುಗಳೆಲ್ಲ ಬಾಗಿಲು ಮುಚ್ಚಿದ್ದ ೨೦೨೦ರ ಏಪ್ರಿಲ್‌ನಲ್ಲಿ ಮಾಜಿ ಶೂಟರ್ ಶಿಮೋನ್ ಶರೀಫ್ ಒಂದು ಆನ್‌ಲೈನ್ ಸ್ಪರ್ಧೆ ನಡೆಸಿದರು. ದೇಶ ವಿದೇಶಗಳ ಶೂಟರುಗಳು ತಮ್ಮ ತಮ್ಮ ಮನೆಯಲ್ಲೇ ನಿಂತು ಹೊಡೆದರು. ಮನೆಯೇ ಮೈದಾನವಾಗಬಲ್ಲ ಒಲಿಂಪಿಕ್ ಆಟ ಇನ್ನೆಷ್ಟಿದೆ?

ಕಾನೂನೂ ಇದಕ್ಕೆ ಸ್ವಲ್ಪ ಜಾಗ ಬಿಟ್ಟಿದೆ. ೨೦೧೬ರ ಆಯುಧ ನಿಯಮಗಳ ಪ್ರಕಾರ ನಳಿಕೆ ೪.೫ ಮಿ.ಮೀ. ಮತ್ತು ಬಲ ೨೦ ಜೌಲ್ ಮೀರದ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದರೆ ಹಕ್ಕಿಗೆ ಹೊಡೆಯಬಹುದೆಂದು ಅರ್ಥವಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಲ್ಲಿ ಕಾದು ಕುಳಿತಿದೆ.

ಎಂಟು ಜೌಲ್ ಎಂದರೆ ಎಷ್ಟು?

ಮೊಮ್ಮಗನಿಗೆ ಅನುಮತಿ ಕೊಡುವ ಮೊದಲು ಒಂದು ಲೆಕ್ಕ ಮಾಡಿಸಿದೆ. ಅರ್ಧ ಗ್ರಾಂ ಗುಂಡು, ಸೆಕೆಂಡಿಗೆ ೧೭೫ ಮೀಟರ್ ವೇಗ, ಚಲನಶಕ್ತಿ ಎಷ್ಟು? ಸುಮಾರು ಎಂಟು ಜೌಲ್ ಎಂದ. ಅದು ಒಂದು ಕೆ.ಜಿ. ಕಲ್ಲನ್ನು ಎಂಬತ್ತು ಸೆಂಟಿಮೀಟರ್ ಎತ್ತರದಿಂದ ಬಿಟ್ಟಷ್ಟು. “ಅಷ್ಟೇನಾ?” ಎಂದು ಕೇಳಿದ. ಕಲ್ಲು ಕಾಲಿನ ಮೇಲೆ ಬಿದ್ದರೆ ಬಲ ಅಗಲಕ್ಕೆ ಹರಡುತ್ತದೆ, ಇಲ್ಲಿ ಅಷ್ಟೂ ಬಲ ಹೆಸರುಕಾಳಿನಷ್ಟು ಜಾಗದಲ್ಲಿ ನಿಲ್ಲುತ್ತದೆ, ಆ ಜಾಗ ಕಣ್ಣಾದರೆ? ಎಂದೆ. ಸುಮ್ಮನಾದ.

ಸಿಲಿಂಡರಿನ ಲೆಕ್ಕ ಬೇರೆ. ನಮ್ಮ ಕಾರಿನ ಚಕ್ರದಲ್ಲಿ ಸುಮಾರು ಎರಡು ಬಾರ್ ಒತ್ತಡವಿದ್ದರೆ ಇದರಲ್ಲಿ ೨೦೦ ಬಾರ್, ನೂರು ಪಟ್ಟು. ಅವನು ತಂದಿದ್ದ ಕೈಪಂಪು ನೋಡಲು ಸೈಕಲ್ ಪಂಪಿನಂತೆಯೇ ಇದ್ದರೂ ಒಳಗೆ ಒಂದರೊಳಗೊಂದು ಮೂರು ಹಂತ. ಕೊನೆಕೊನೆಗೆ ಹುಡುಗನ ಮೈಭಾರವೆಲ್ಲ ಬಿದ್ದರೂ ಹಿಡಿ ಇಳಿಯದು. ನಡುನಡುವೆ ನಿಲ್ಲಿಸಿ ಪಂಪು ತಣಿಯಲು ಬಿಡಬೇಕು, ಇಲ್ಲವಾದರೆ ಒಳಗಿನ ಉಂಗುರಗಳು ಸುಡುತ್ತವೆ, ತೇವ ಒಳಗೆ ಹೋಗುತ್ತದೆ. ಸಾದಾ ಎಣ್ಣೆ, ಗ್ರೀಸು ತಾಗಿಸಬಾರದು, ಆ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಆಮ್ಲಜನಕವನ್ನಂತೂ ಎಂದಿಗೂ ತುಂಬಬಾರದು. ಸಿಲಿಂಡರಿನ ಮೇಲೆ ಅದರ ಆಯಸ್ಸಿನ ದಿನಾಂಕ ಕೊರೆದಿರುತ್ತದೆ, ಅದು ಮೀರಿದರೆ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಬೇಕು. ಅವನು ಹಳೆಯ ಬಂದೂಕನ್ನು ಹಿರಿಯ ಶೂಟರೊಬ್ಬರಿಂದ ಕೊಂಡಿದ್ದನಾದ್ದರಿಂದ ಮೊದಲು ಆ ದಿನಾಂಕವನ್ನೇ ಕನ್ನಡಕ ಹಾಕಿಕೊಂಡು ಓದಿದೆ. ಇನ್ನೂ ಕಾಲವಿತ್ತು.

ಆಮೇಲೆ ಮನೆಯನ್ನು ಅಣಿಗೊಳ್ಳಿಸಿದೆವು. ನಡುಮನೆಯ ಹೊಸ್ತಿಲಿನಿಂದ ಹಿತ್ತಿಲ ಗೋಡೆಗೆ ಹನ್ನೊಂದು ಮೀಟರ್ ಚಿಲ್ಲರೆ. ನಮ್ಮದೂ ಕಲ್ಲಿನ ಗೋಡೆಯೇ. ಗೋಡೆಗೆ ಮೂರು ಪದರ ಗೋಣಿಚೀಲ ಇಳಿಬಿಟ್ಟು, ಅದರ ಮುಂದೆ ಮರಳಿನ ಮೂಟೆಗಳನ್ನು ಪೇರಿಸಿದೆವು. ಗುಂಡು ಹಿಡಿಯಲು ದಪ್ಪ ಕಬ್ಬಿಣದ ಪೆಟ್ಟಿಗೆ, ಒಳಗೆ ಗುಂಡು ಕೆಳಕ್ಕೆ ಬೀಳುವಂತೆ ಓರೆಯಾದ ತಗಡು. ಬೆಸುಗೆ ಅಂಗಡಿಯವನಿಗೆ ಚಿತ್ರ ಬರೆದುಕೊಟ್ಟು ಮಾಡಿಸಿದೆ. ಫಲಕದ ನಡುಭಾಗ ನೆಲದಿಂದ ೧.೪ ಮೀಟರ್ ಎತ್ತರದಲ್ಲಿ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ. ಹುಡುಗ ನಿಂತಿರುವ ಗೆರೆಯ ಮುಂದಕ್ಕೆ ಅಜ್ಜಿಯೂ ಬರಕೂಡದು, ಬೆಕ್ಕೂ ಬರಕೂಡದು. ಬಂದೂಕು ಕೆಳಗಿಟ್ಟಾಗ ನಳಿಕೆಯೊಳಗೆ ಕಿತ್ತಳೆ ಬಣ್ಣದ ದಾರ ತೂರಿಸಿ ಖಾಲಿಯೆಂದು ತೋರಿಸಬೇಕು. ಗುಂಡು ಸೀಸದ್ದಾದ್ದರಿಂದ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟ.

ಇಷ್ಟೆಲ್ಲ ಮಾಡಿದ ಮೇಲೆ ಅವನ ಅಭ್ಯಾಸ ನೋಡಿ ನನಗೆ ಅಚ್ಚರಿಯಾಯಿತು. ಮೊದಲ ಒಂದು ಗಂಟೆ ಅವನು ಒಂದು ಗುಂಡನ್ನೂ ಹಾಕಲಿಲ್ಲ. ಎತ್ತುವುದು, ಉಸಿರು ಅರ್ಧಕ್ಕೆ ನಿಲ್ಲಿಸುವುದು, ಚುಕ್ಕೆಯ ಮೇಲೆ ಕಣ್ಣಿಡುವುದು, ಖಾಲಿ ಬಂದೂಕಿನ ಕುದುರೆ ಎಳೆಯುವುದು, ಇಳಿಸುವುದು. ಮನಸ್ಸು ಸರಿಯಿಲ್ಲವೆನಿಸಿದರೆ ಎಳೆಯದೆಯೇ ಇಳಿಸುವುದು. “ಹೊಡೆಯೋದಕ್ಕಿಂತ ಹೊಡೆಯದೆ ಇಳಿಸೋದು ಕಷ್ಟ ತಾತ” ಎಂದ. ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹುಬ್ಬಿನ ಗುರುತು

ಮೇ ತಿಂಗಳ ಕೊನೆಯಲ್ಲಿ ಮಾವನ ಮಗ ಹಳ್ಳಿಯಿಂದ ಹೊಸ ಹುಣಸೆಹಣ್ಣು ತೆಗೆದುಕೊಂಡು ಬಂದ. ಅವನಿಗೂ ಈಗ ಅರವತ್ತು ದಾಟಿದೆ. ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಬಿಳಿ ಗೆರೆ ಹಾಗೆಯೇ ಇದೆ. ನಡುಮನೆಗೆ ಕಾಲಿಟ್ಟವನು ರೈಫಲ್ ಹಿಡಿದು ನಿಂತ ಹುಡುಗನನ್ನು ಕಂಡು ಬಾಗಿಲಲ್ಲೇ ನಿಂತ. ಕೈ ತಾನಾಗಿ ಹುಬ್ಬಿಗೆ ಹೋಯಿತು. ಮೊಮ್ಮಗ ಕೂಡಲೇ ನಳಿಕೆ ಇಳಿಸಿ, ದಾರ ತೂರಿಸಿ, ಬಂದೂಕು ಮೇಜಿನ ಮೇಲಿಟ್ಟ.

ಕಾಫಿ ಆದ ಮೇಲೆ ನಾನು ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು, ಅವನ ಎದುರಿಗೇ, ಆ ಮಧ್ಯಾಹ್ನದ ಕತೆಯನ್ನು ಪೂರ್ತಿ ಹೇಳಿದೆ. ನನ್ನ ಮೂರು ಪದಗಳನ್ನೂ ಹೇಳಿದೆ, ಸುಳ್ಳನ್ನೂ ಹೇಳಿದೆ. ಮಾವನಿಗೆ ಕೊನೆಯವರೆಗೂ ಹೇಳದೆ ಉಳಿದದ್ದೇ ನನಗೆ ಹೆಚ್ಚು ನೋವು ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪನಿಗೆ ಅವತ್ತೇ ಗೊತ್ತಾಗಿತ್ತು ಭಾವ” ಎಂದ. “ಸಂಜೆ ಹಿತ್ತಿಲಲ್ಲಿ ಚಪ್ಪಟೆಯಾದ ಗುಂಡು ಸಿಕ್ಕಿತಂತೆ. ಗೋಡೆ ಮೇಲೆ ನೀನು ಬರೆದ ಸೊನ್ನೆ ಹಾಗೇ ಇತ್ತಲ್ಲ. ಮರುದಿನವೇ ಗನ್ನನ್ನು ಅಟ್ಟದ ಮೇಲೆ ಹಾಕಿದ್ರು. ಮತ್ತೆ ಇಳಿಸಲೇ ಇಲ್ಲ. ಕೂಸಿನ ಕೈಗೆ ಸಿಗೋ ಹಾಗೆ ಇಟ್ಟದ್ದು ನನ್ನ ತಪ್ಪು, ಅವನನ್ನ ಏನು ಕೇಳೋದು ಅಂದಿದ್ರು.”

ನನಗೆ ಮಾತು ಹೊರಡಲಿಲ್ಲ. ಮಾವ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಮರುವರ್ಷದ ರಜೆಗೆ ಹೋದಾಗ ಬಂದೂಕು ಕಾಣಲಿಲ್ಲವೆಂಬುದು ನೆನಪಿದೆ, ಮಾರಿರಬೇಕೆಂದುಕೊಂಡಿದ್ದೆ. ಬಂದೂಕಿನ ಜವಾಬ್ದಾರಿ ಹಿಡಿದವನಿಗಿಂತ ಮೊದಲು ಇಟ್ಟವನದ್ದು ಎಂಬ ಪಾಠವನ್ನು ಮಾವ ಒಂದೂ ಮಾತಾಡದೆ ಅಟ್ಟದ ಮೇಲಿಟ್ಟಿದ್ದರು.

ಓದುಗರಲ್ಲಿ ಮನೆಯಲ್ಲಿ ಇಂಥ ಅಭ್ಯಾಸಕ್ಕೆ ಮಕ್ಕಳನ್ನು ಬಿಡುವವರಿದ್ದರೆ ನನ್ನದು ಬೇಡವೆಂಬ ಮಾತಲ್ಲ. ಗಾಳಿಯನ್ನು ಹಿಡಿದಿಟ್ಟು ಅರ್ಧ ಮಿಲಿಮೀಟರ್ ಚುಕ್ಕೆಗೆ ಕಳಿಸುವ ವಿದ್ಯೆ ಮಗುವಿಗೆ ತಾಳ್ಮೆಯನ್ನು ಕಲಿಸುತ್ತದೆ, ನಾನೇ ಕಣ್ಣಾರೆ ಕಂಡಿದ್ದೇನೆ. ಗೋಡೆಗೆ ಗೋಣಿ ಕಟ್ಟುವುದು, ಬಾಗಿಲಿಗೆ ಚಿಲಕ ಹಾಕುವುದು, ಮುಗಿದ ಮೇಲೆ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈ ತಾವಿಟ್ಟುಕೊಳ್ಳುವುದು ಮಾತ್ರ ದೊಡ್ಡವರ ಕೆಲಸ.

ಈ ರಜೆಗೂ ಮೊಮ್ಮಗ ಬರುವವನಿದ್ದಾನೆ. ಹತ್ತು ಮೀಟರಿನ ಗೆರೆ ಮಾಸಿತ್ತು, ಮೊನ್ನೆ ಸುಣ್ಣದಲ್ಲಿ ಮತ್ತೆ ಎಳೆದಿದ್ದೇನೆ. ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿದೆ.